ಟವೆಲಿನ ಕೆಳಗೆ

"ಅಂದ್ರ ನೀವು ಕೊಳ್ಳಂಗಿಲ್ಲ, ಮಾರಂಗಿಲ್ಲ, ಬರೇ ನೋಡ್ತೀರಿ?" ಹೆಣ್ಣು ಕೇಳಲು ಬಂದ ಈಶ್ವರನಿಗೆ ಕುರಿ ವ್ಯಾಪಾರಿ ಪಾಲಯ್ಯ ಹೀಗೆಂದಾಗ, ಬಾಗಿಲಲ್ಲಿದ್ದ ಮಗಳು ಲಲಿತಾ ಒಂದು ಹೆಜ್ಜೆ ಒಳಗೆ ಬಂದಳು. ಅಪ್ಪ ಒಲ್ಲೆನೆಂದರೆ ಮೂರು ವರ್ಷದ ಪ್ರೀತಿ ಅಲ್ಲಿಗೇ ಮುಗಿಯಿತು.

"ಹೌದ್ರಿ. ಕಂಪ್ಯೂಟರಿನಾಗ ಓಡಾಡೋ ಕ್ರಿಪ್ಟೊ ಡಾಲರ್ ಬೆಲಿ ಎಲ್ಲಾ ಕಡೆ ಒಂದ ಇರಬೇಕು. ಯಾವ ದೇಶದಾಗ ನಾಕು ರೂಪಾಯಿ ಜಾಸ್ತಿ ಐತೋ, ಅಲ್ಲಿ ಕೊಳ್ಳೋರ ರೊಕ್ಕ ನುಗ್ಗೇತಿ ಅಂತ ಕಂಪನಿಗೆ ಬರದು ಕಳಿಸ್ತೀನ್ರಿ. ಅದಕ್ಕ ಪಗಾರ."

"ಇದಕ್ಕೂ ಪಗಾರ! ರಾಯದುರ್ಗದ ಕುರಿ ಮಡಕಶಿರಾದಾಗ ಐನೂರು ಜಾಸ್ತಿ ಹೋದ್ರ, ಅಲ್ಲಿ ಹೊರಗಿನ ಗಿರಾಕಿ ಇಳದಾರಂತ ನಾವು ಪುಕ್ಕಟೆ ಹೇಳ್ತೀವಿ." ಪಾಲಯ್ಯ ಹೆಗಲ ಟವೆಲನ್ನು ಈಶ್ವರನ ಕೈಮೇಲೆ ಹೊದಿಸಿ, ತನ್ನ ಕೈಯನ್ನು ಒಳಗೆ ತೂರಿಸಿದ. ಸಂತೆಯಲ್ಲಿ ಕುರಿಯ ದರ ಹೇಳುವುದೇ ಹೀಗೆ, ಉಳಿದವರಿಗೆ ಕಾಣದಂತೆ ಬೆರಳು ಹಿಡಿದು. ವ್ಯಾಪಾರ ಕುದುರಿದರೆ ಮಾತ್ರ ಇಡೀ ಕೈ.

"ಎಷ್ಟು ಬೆರಳು ಹಿಡಿದಾರ್ರೀ?" ಲಲಿತಾ ತಡೆಯಲಾರದೆ ಕೇಳಿದಳು.

"ಇಡೀ ಕೈ..." ಈಶ್ವರ ಗಾಬರಿಯಿಂದ ಹೇಳಿದ.

ಲಲಿತಾ ಸಕ್ಕರೆ ಡಬ್ಬಿಗೆ ಓಡಿದಳು.