ಬಾಗಿಲಿಗೆ ಕೂತವರು

ಒಲೆಯ ಹೊಗೆ ಇವತ್ತೂ ಏಳಲಿಲ್ಲ. ರೇವಪ್ಪನಿಗೆ ಸಮಾಧಾನವಾಯಿತು. ಹಟ ನಾಟುತ್ತಿದೆ.

ಅವನು ಕೂತಿದ್ದು ಗುತ್ತೇದಾರ ಸೋಮಶೇಖರನ ಬಾಗಿಲಿಗೆ. ನಾರಾಯಣಖೇಡದ ಊರಾಚೆ ಒಂಟಿ ಮನೆ. ಎದುರಿಗೇ ಹೊಸ ಬಂಗಲೆ. ದೌರೆಗೆಂದು ಊರೂರು ತಿರುಗುತ್ತ ಬರುವ ಸಾಹೇಬರು ಇಳಿದುಕೊಳ್ಳಲೆಂದು ನಿಜಾಮ ಸರ್ಕಾರ ಸೋಮಶೇಖರನ ಕೈಲಿ ಕಟ್ಟಿಸಿದ್ದು. ಗೋಡೆಗಳು ಸುಣ್ಣದಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿದ್ದವು. ನೆಲಕ್ಕೆ ಹಾಸಿದ ಒಂದೊಂದು ಕಲ್ಲೂ ತಾಂಡೂರಿನ ರೇವಪ್ಪನ ಖಣಿಯದು. ಸಾಹೇಬರು ಬಂದು, ಮಲಗಿ, ಎದ್ದು ಹೋಗಿದ್ದೂ ಆಗಿತ್ತು. ಕಲ್ಲಿನ ಹಣ ಮಾತ್ರ ಬಂದಿರಲಿಲ್ಲ. ಹೋದಾಗಲೆಲ್ಲ ಸೋಮಶೇಖರ ಎಲೆ ಅಡಿಕೆ ಕೊಟ್ಟು ಕಳಿಸುತ್ತಿದ್ದ.

"ಸರ್ಕಾರ ನನಗ ಕೊಡಲಿ, ನಾ ನಿನಗ ಕೊಡ್ತೀನಿ. ನಡುವ ನಾ ಏನು ರೊಕ್ಕ ಅಚ್ಚ ಹಾಕ್ತೀನೇನೋ ರೇವಪ್ಪ?"

ಖಣಿಯಲ್ಲಿ ಕಲ್ಲು ಸೀಳುವ ಅಂಜಪ್ಪ ಕೊನೆಯ ಮಾತು ಆಡಿಬಿಟ್ಟಿದ್ದ. "ಧಣ್ಯಾರ, ಕಲ್ಲು ಸೀಳ್ತೀವಿ, ಖರೆ. ಕಲ್ಲು ತಿನ್ನಾಕ ಬರಂಗಿಲ್ಲ. ಸಂತಿ ಒಳಗ ಕೂಲಿ ಬರಲಿಲ್ಲಂದ್ರ ಹೆಂಡ್ರು ಮಕ್ಕಳನ್ನ ಕಟಗೊಂಡು ಶಹಾಬಾದಿಗೆ ಹೊಂಡತೀವಿ." ಅವರು ಹೊರಟರೆ ಖಣಿ ಮುಚ್ಚಿದಂತೆಯೇ.

ಉಳಿದಿದ್ದು ಹಿರಿಯರ ದಾರಿ. ಹಣ ಕೊಡಬೇಕಾದವನ ಬಾಗಿಲಿಗೆ ಅನ್ನ ನೀರು ಮುಟ್ಟದೆ ಕೂಡುವುದು. ಕೂತವನು ಉಣ್ಣುವ ತನಕ ಒಳಗಿದ್ದವರೂ ಉಣ್ಣುವಂತಿಲ್ಲ. ಒಲೆ ಹಚ್ಚಿದರೆ ವಂಶಕ್ಕೆ ಕೇಡು. ಕೂತವರಿಗೂ ಒಂದು ಕಟ್ಟಳೆಯಿತ್ತು: ಬಾಯಿಬಿಟ್ಟು ಹಣ ಕೇಳಬಾರದು. ಕೇಳಿದರೆ ಅದು ಭಿಕ್ಷೆ.

ಕರೆತಂದ ಬಂಡಿಯ ಮಾಣಿಕಪ್ಪ, ಮೆಟ್ಟಿಲ ಮೇಲೆ ಬಿಟ್ಟಿದ್ದ ಸೋಮಶೇಖರನ ಜೋಡು ನೋಡಿ ನಕ್ಕಿದ್ದ. "ಒಳಗೇ ಅದಾನ ಬಿಡಪಾ. ಇಂಥಾ ಜೋಡ ಬಿಟ್ಟು ಎಲ್ಲಿ ಹೋಗ್ತಾನ?"

ಬಾಗಿಲು ಒಳಗಿನಿಂದ ಅಗುಳಿ ಹಾಕಿತ್ತು. ಹಲಗೆಯ ಅಂಚಿಗೆ ಬಿಳಿ ಬೆರಳಿನ ಗುರುತು. ಮನೆಗೆ ಸುಣ್ಣ ಬಳಿಸಲು ದುಡ್ಡುಂಟು, ನನಗೆ ಕೊಡಲು ಇಲ್ಲ ಎಂದುಕೊಂಡ ರೇವಪ್ಪ.

ಕೂತ ಸ್ವಲ್ಪ ಹೊತ್ತಿಗೇ ಒಳಗೆ ಕೆಮ್ಮು ಕೇಳಿಸಿತ್ತು. ಮುದುಕಿಯ ಒಣ ಕೆಮ್ಮು.

"ಯಾರದು ಹೊರಗ?"

"ನಾನ್ರೀ ಅವ್ವಾ. ಕುಂತೀನಿ."

"ಕುಂದ್ರು, ಕುಂದ್ರು. ಎಷ್ಟೊತ್ತು ಕುಂದರ್ತೀ ನಾನೂ ನೋಡ್ತೀನಿ."

ಸೋಮಶೇಖರನಿಗೆ ತಾಯಿ ಇದ್ದಾಳೆಂದು ರೇವಪ್ಪ ಕೇಳಿದ್ದ, ನೋಡಿರಲಿಲ್ಲ. ಮಗನಿಗಿಂತ ಗಟ್ಟಿ ಅನ್ನಿಸಿತು.

"ಧಣ್ಯಾರು ಏನ್ ಮಾಡಾಕತ್ತಾರ್ರೀ?"

ಒಳಗೊಂದು ನಗು ಎದ್ದು ಕೆಮ್ಮಿನಲ್ಲಿ ಮುಗಿಯಿತು. "ಅದು ನಿನಗ ಗೊತ್ತಿರಬೇಕಲ್ಲಪಾ."

ಗೊತ್ತಿತ್ತು. ತಾಯಿಯ ಸೆರಗಿನ ಹಿಂದೆ ಅಡಗಿ ಕೂತಿದ್ದಾನೆ.

ಅದು ಮೊದಲ ದಿನದ ಮಾತು. ಆಮೇಲೆ ಬಿಸಿಲು ಏರಿತು, ಇಳಿಯಿತು, ಮತ್ತೆ ಏರಿತು. ರೇವಪ್ಪನ ನಾಲಿಗೆ ಅಂಗುಳಕ್ಕೆ ಅಂಟಿತು. ಒಳಗಿನ ಕೆಮ್ಮು ತೆಳ್ಳಗಾಗುತ್ತ ಬಂತು. ಗಂಡಸಿನ ದನಿ ಒಮ್ಮೆಯೂ ಕೇಳಲಿಲ್ಲ. ಎಂಥ ಮಗ!

"ಅವ್ವಾ, ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ. ಒಂದು ಗುಟುಕು ನೀರರೆ ಕುಡೀರಿ."

"ಮೊದಲ ನೀ ಎದ್ದು ಹೋಗು."

"ನಾ ಹೆಂಗ ಏಳ್ಲಿ? ನನ್ನ ನಂಬಿದ ಮಂದಿ ಅದಾರ."

"ನನ್ನ ನಂಬಿದವ್ರು ಇಲ್ಲೇನು?"



ಮಧ್ಯಾಹ್ನದ ಹೊತ್ತಿಗೆ ಕೆಮ್ಮು ನಿಂತೇಹೋಯಿತು. ರೇವಪ್ಪ ಬಾಗಿಲು ಬಡಿದ. "ಅವ್ವಾ!" ನೆಲಕ್ಕೆ ಏನೋ ಒರಗಿದ ಸದ್ದು; ಆಮೇಲೆ ಉಸಿರಿನಂಥ ಒಂದು "ಹೂಂ".

ಅವನಿಗೆ ಅಂಜಪ್ಪ ನೆನಪಾದ. ಗಂಟು ಹೊತ್ತು ಸಾಲಾಗಿ ನಡೆಯುವ ಹೆಂಗಸರು ಕಣ್ಣಿಗೆ ಕಟ್ಟಿದರು. ನಾಳೆಯೇ ಸಂತೆ. ಇನ್ನೊಂದು ರಾತ್ರಿ ಕೂತರೆ ಸೋಮಶೇಖರ ಬಗ್ಗಲೂಬಹುದು. ಆದರೆ ಹಣ ಕೊಡಬೇಕಾದವನು ಒಬ್ಬ, ಸಾಯುತ್ತಿರುವವಳು ಇನ್ನೊಬ್ಬಳು. ತನ್ನ ಹಟ ಬಾಗಿಲು ತಪ್ಪಿ ನಾಟಿತ್ತು.

ಅವನು ಗೋಡೆ ಹಿಡಿದು ಎದ್ದ. ಬಂಗಲೆಯ ಬಾವಿಗೆ ಹೋಗಿ ತಂಬಿಗೆ ತುಂಬಿ ತಂದ. ಕಟ್ಟಳೆಯ ಪ್ರಕಾರ ಬಾಗಿಲೆದುರೇ, ಒಳಗೆ ಕೇಳುವಂತೆ, ಗಟಗಟನೆ ಕುಡಿದ. ನೀರಿನ ಜೊತೆ ಖಣಿಯೂ ಗಂಟಲಲ್ಲಿ ಇಳಿದುಹೋಯಿತು.

"ಅವ್ವಾ, ನಾ ಕುಡದೆ. ಸೋತೆ. ಇನ್ನ ಬಾಗಿಲ ತೆಗೀರಿ, ನೀವೂ ಕುಡೀರಿ."

ಬಹಳ ಹೊತ್ತಿನ ಮೇಲೆ ಅಗುಳಿ ಸರಿಯಿತು.

ಮುದುಕಿ ಚೌಕಟ್ಟು ಹಿಡಿದು ನಿಂತಿದ್ದಳು. ಸುಟ್ಟು ಬಿರಿದ ಅಂಗೈ, ಮೊಣಕೈ ತನಕ ಬಿಳಿ. ಅವಳ ಹಿಂದೆ ಚಾಪೆಯಿಲ್ಲ, ಕೊಡವಿಲ್ಲ. ಒಲೆಯ ಬಾಯಿಗೆ ಜೇಡ ಬಲೆ ಕಟ್ಟಿತ್ತು. ಹಿತ್ತಲ ಬಾಗಿಲು ಹಾರು ಹೊಡೆದಿತ್ತು, ಅದರಾಚೆ ಬಯಲು. ಅವಳು ತಂಬಿಗೆ ನೋಡಿದಳು, ಮುಟ್ಟಲಿಲ್ಲ. ಗುಳಿಬಿದ್ದ ಕಣ್ಣಿನಲ್ಲಿ ಗೆದ್ದ ಹೊಳಪಿತ್ತು.

"ಹೋಗು, ನಿನ್ನ ಇಲ್ಲಿ ಕುಂದರಿಸಿದ ಗುತ್ತೇದಾರಗ ಹೇಳು, ಬಂಗಲೆಗೆ ಕೊಟ್ಟ ಸುಣ್ಣದ ರೊಕ್ಕ ಬರೂತನ ಈ ತುಳಜಾಬಾಯಿ ಅವನ ಮನಿ ಬಿಟ್ಟು ಏಳಂಗಿಲ್ಲ ಅಂತ."