ಕಾಶಿಯ ಮೇಲಿನ ವಿಭೂತಿ

"ಪ್ರವಾಸದ ಪಟ್ಟ್ಯಾಗಿಂದ ಅವ್ವನ ಹೆಸರು ತೆಗೀಲೇನಪ್ಪಾ?" ಫೋನು ಹಿಡಿದು ಶೈಲಶ್ರೀ ಕೇಳಿದಳು.

"ಇಬ್ಬರದೂ ತೆಗಿ. ಆಕಿ ಇಲ್ಲದ ಕಾಶಿ ನನಗ್ಯಾಕ?" ಎಂದರು ಮಡಿವಾಳಯ್ಯ.

ಕಳೆದ ತಿಂಗಳು ಲಿಂಗೈಕ್ಯಳಾದ ಹೆಂಡತಿ ಶರಣಬಸಮ್ಮ, ಯಾವುದಾದರೂ ಊರಿಗೆ ಹೊರಡುವ ದಿನ ನಿಶ್ಚಯವಾದಾಗಲೆಲ್ಲ ಗೋಡೆಯ ನಕಾಶೆಯಲ್ಲಿ ಆ ಊರಿಗೆ ಮೂರು ಬೆರಳಿನಿಂದ ವಿಭೂತಿ ಹಚ್ಚುತ್ತಿದ್ದಳು. ಬೀದರ, ಉಜ್ಜಯಿನಿಗೆ ಹಚ್ಚಿಯಾಗಿತ್ತು, ಕಾಶಿಯೊಂದು ಉಳಿದಿತ್ತು. ಹಿಂದೆ ಭಂಕೂರಿನ ಕಲ್ಲುಗಣಿಯಲ್ಲಿ ಹಾಸುಗಲ್ಲು ಬಿದ್ದು ಅವಳ ಉಂಗುರ ಬೆರಳಿನ ತುದಿ ಹೋಗಿದ್ದರಿಂದ ಕೆಳಗಿನ ಗೆರೆ ಯಾವಾಗಲೂ ಗಿಡ್ಡ.

"ಬಾಯಿಲೆ ಬ್ಯಾಡಂತಿ, ಕಾಶಿಗೆ ವಿಭೂತಿ ಹಚ್ಚೀದಿ! ಇನ್ನಾ ಹಸಿ ಅದ ನೋಡು," ಎಂದು ಮಗಳು ನಕಾಶೆ ತೋರಿಸಿ ನಕ್ಕಳು.

ಮಡಿವಾಳಯ್ಯ ನಕಾಶೆ ಮುಟ್ಟಿರಲಿಲ್ಲ. ಕನ್ನಡಕ ಏರಿಸಿ ಬಾಗಿದರು. ಕೆಳಗಿನ ಗೆರೆ ಗಿಡ್ಡವಾಗಿತ್ತು.

"ತೆಗೀಬ್ಯಾಡವ್ವಾ," ಎಂದರು. "ಇಬ್ಬರದೂ ಇರ್ಲಿ."