ಪರದೆಯ ಮರೆಯ ಕಂಠ

ನಾಟಕ ಕಂಪನಿಯ ನಾಯಕಿಗೆ ರೂಪವಿತ್ತು, ಕಂಠವಿರಲಿಲ್ಲ. ಅವಳು ರಂಗದ ಮೇಲೆ ಬರಿ ತುಟಿ ಆಡಿಸುತ್ತಿದ್ದಳು. ಪಕ್ಕದ ಪರದೆಯ ಮರೆಯಲ್ಲಿ ನಿಂತು ಹಾಡುತ್ತಿದ್ದವಳು ಬಸಲಿಂಗವ್ವ. ಹದಿನೆಂಟು ವರ್ಷ ಹೀಗೇ ನಡೆಯಿತು. ಹಾರ, ಪದಕವೆಲ್ಲ ನಾಯಕಿಯ ಕೊರಳಿಗೇ ಬಿದ್ದವು. ಕಂಪನಿ ಮುಚ್ಚಿದ ಮೇಲೆ ಬಸಲಿಂಗವ್ವ ಈ ಮಾತು ತೆಗೆದಾಗಲೆಲ್ಲ ಓಣಿಯ ಹೆಂಗಸರು ನಂಬದೆ ಮುಸಿಮುಸಿ ನಗುತ್ತಿದ್ದರು.

ಹೀಗಿರುವಾಗ, ಜನ ಮರೆತ ಕಲಾವಿದರ ಬಗ್ಗೆ ಪಾಡ್‌ಕಾಸ್ಟ್ ಮಾಡುವ ಶರ್ಮಿಳಾ ಬಂದು ಮೂರು ದಿನ ಮೈಕ್ ಹಿಡಿದು ಎದುರಿಗೆ ಕೂತಳು.

"ಈ ಸಲ ನಿಮ್ಮ ದನಿ ಎಲ್ಲಾರೂ ಕೇಳ್ತಾರ, ಯವ್ವಾ," ಎಂದಳು.

ಬಸಲಿಂಗವ್ವ ಮನಸ್ಸು ಬಿಚ್ಚಿ ಹೇಳಿದಳು, ಹಾಡಿದಳು.

ಪ್ರಸಾರದ ದಿನ ನಕ್ಕವರನ್ನೇ ಕರೆದು, ಚಹಾ ಕೊಟ್ಟು, ಕಟ್ಟೆಯ ಮೇಲೆ ಕೂರಿಸಿದಳು. ಶರ್ಮಿಳಾಳೂ ಬಂದಿದ್ದಳು. ಮೊಬೈಲ್ ಮಾತಾಡಿತು: "ನಾನು ಬಸಲಿಂಗವ್ವ." ದನಿ ಮಾತ್ರ ಯಾವುದೋ ಹರೆಯದ ಹುಡುಗಿಯದು.

"ಯಾರದವ್ವಾ ಇದು?" ಎಂದು ಬಸಲಿಂಗವ್ವ ಶರ್ಮಿಳಾಳ ಕಿವಿಯಲ್ಲಿ ಕೇಳಿದಳು.

"ನಿಮ್ಮ ದನಿ ಭಾಳ ನಡಗತಿತ್ತು. ಕೇಳೋರು ಅರ್ಧಕ್ಕ ಬಿಟ್ಟು ಹೋಗ್ತಾರ. ಅದಕ್ಕ ಬ್ಯಾರೆ ಒಬ್ಬಾಕಿ ಕಡೆಯಿಂದ ಓದಿಸೇನಿ, ಹಾಡಿಸೇನಿ. ಕತಿ ನಿಮ್ಮದ ಐತಲ್ಲ," ಎಂದು ಶರ್ಮಿಳಾ ಪಿಸುಗುಟ್ಟಿದಳು.

ಅಷ್ಟರಲ್ಲಿ ಹಾಡು ಶುರುವಾಯಿತು. "ಇದು ನೀನ ಹಾಡಿದ್ದೇನಬೇ?" ಎಂದು ನೆರೆಮನೆಯ ದುಂಡವ್ವ ಕೇಳಿದಳು. ಎಲ್ಲರೂ ಬಸಲಿಂಗವ್ವನ ಮುಖವನ್ನೇ ನೋಡತೊಡಗಿದರು.

ಬಸಲಿಂಗವ್ವ ಸೆರಗು ಸರಿಮಾಡಿಕೊಂಡು, ಹಾಡಿಗೆ ತಕ್ಕಂತೆ ತುಟಿ ಆಡಿಸತೊಡಗಿದಳು.